ಕೊರಳು, ಪಾಕೀಟು, ಕೀಲಿ

ಸಂಗನಬಸಪ್ಪನವರು ಮನೆಯಿಂದ ಹೊರಬೀಳುವಾಗ ಮೂರು ಕಡೆ ಮುಟ್ಟಿ ನೋಡಿಕೊಳ್ಳುತ್ತಾರೆ. ಮೊದಲು ಕೊರಳು, ಆಮೇಲೆ ಪಾಕೀಟು, ಕೊನೆಗೆ ಕೀಲಿ. ಪಾಕೀಟು ಕಳೆದರೆ ಲೈಸೆನ್ಸು ಇನ್ನೊಂದು ಮಾಡಿಸಬಹುದು, ಕೀಲಿ ಕಳೆದರೆ ಬೀಗ ಒಡೆಸಬಹುದು. ಕೊರಳಿನದು ಹಾಗಲ್ಲ. ಅಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ ಇದೆ. ಕರಡಿಗೆಯೊಳಗೆ, ಅವರು ಎಂಟು ದಿನದ ಕೂಸಾಗಿದ್ದಾಗ ಮನೆಗೆ ಬಂದ ಅಯ್ಯನವರು ಕಟ್ಟಿಹೋದ ಇಷ್ಟಲಿಂಗ. ಅದು ಮೈಮೇಲಿಲ್ಲದೆ ಅವರ ಮನೆತನದಲ್ಲಿ ಯಾರೂ ಒಂದು ಗುಟುಕು ನೀರು ಕುಡಿಯುವುದಿಲ್ಲ. ಬದುಕಿರುವಾಗ ಎದೆಯ ಮೇಲೆ, ಹೋಗುವಾಗ ಅಂಗೈಯಲ್ಲಿ. ನಡುವೆ ರಜೆ ಇಲ್ಲ.

ಅಮೆರಿಕಕ್ಕೆ ಬಂದ ಹದಿನೈದು ವರ್ಷಗಳಲ್ಲಿ ಅವರು ಮೂರು ಕಾರು, ಎರಡು ಅಪಾರ್ಟ್‌ಮೆಂಟು ಬದಲಾಯಿಸಿದ್ದರು, ಒಂದು ಪಿತ್ತಕೋಶ ಕಳೆದುಕೊಂಡಿದ್ದರು. ಪಿತ್ತಕೋಶ ತೆಗೆದ ದಿನ ಕೂಡ ಕರಡಿಗೆಯನ್ನು ತೋಳಿಗೆ ಕಟ್ಟಿಸಿಕೊಂಡೇ ಟೇಬಲ್ಲಿನ ಮೇಲೆ ಮಲಗಿದ್ದರು. ಇದೇನೆಂದು ಆಪರೇಷನ್ ಮಾಡುವವರು ಹುಬ್ಬೇರಿಸಿದಾಗ, ಅದೇ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಹೆಂಡತಿ ಅಂಬವ್ವ, "ಅದು ಪೇಷೆಂಟಿನದೇ ಭಾಗ, ತೆಗೆಯೋಕೆ ಬರೋಲ್ಲ" ಎಂದು ಇಂಗ್ಲಿಷಿನಲ್ಲಿ ಗದರಿದರಂತೆ.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಕನ್ನಡದವರು ಅವರನ್ನು ತೂಕದ ಮನುಷ್ಯ ಎನ್ನುತ್ತಿದ್ದರು. ಮೈಯಿಂದಲ್ಲ, ಮೈ ಐವತ್ತೆಂಟು ಕಿಲೋ ದಾಟಿದ್ದಿಲ್ಲ, ಕಸುಬಿನಿಂದ. ಗದಗ ಸೀಮೆಯಲ್ಲಿ ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಸರಕಾರದ ಬುಲೆಟ್ ಏರಿ ಸಂತೆಯಿಂದ ಸಂತೆಗೆ ಹೋಗುವುದು, ಮೆಣಸಿನಕಾಯಿ ವ್ಯಾಪಾರಿಗಳ ತಕ್ಕಡಿ ಹಿಡಿದು ನೋಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಬೈಯುವುದು. ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಾಗ ಅವರ ವೀಸಾದ ಬೆನ್ನಿಗೆ ಇವರೂ ಬಂದರು. ಯಾರಾದರೂ ಪಾರ್ಟಿಗಳಲ್ಲಿ, "ನೀವು ಯಾವ ವೀಸಾದ ಮೇಲೆ ಬಂದ್ರಿ?" ಎಂದು ಕೇಳಿದರೆ ಎದೆ ಸೆಟೆಸಿ, "ಡಾಕ್ಟರ್ ಅಂಬವ್ವನ ಗಂಡ ಅನ್ನೂ ವೀಸಾ. ಭಾಳ ಮಂದಿಗೆ ಸಿಗೂದಿಲ್ಲ" ಎನ್ನುತ್ತಿದ್ದರು.

ಬಂದ ಎರಡನೆಯ ವರ್ಷ ಒಂದು ಔಷಧದ ಕಂಪನಿಯಲ್ಲಿ ಲ್ಯಾಬಿನ ತಕ್ಕಡಿಗಳನ್ನು ಪರೀಕ್ಷಿಸುವ ಕೆಲಸ ಸಿಕ್ಕಿತು. ಅಲ್ಲಿ ಮೆಣಸಿನಕಾಯಿ ಮೂಟೆ, ಇಲ್ಲಿ ಸೊಳ್ಳೆಯ ರೆಕ್ಕೆಯನ್ನೂ ತೂಗುವ ಗಾಜಿನ ಪೆಟ್ಟಿಗೆ. ಅಲ್ಲಿ ಮುದ್ರೆ, ಇಲ್ಲಿ ಸ್ಟಿಕ್ಕರು. ಸರಿಯಿದ್ದ ತಕ್ಕಡಿಗೆ ಹಸಿರು, ತಪ್ಪಿದ್ದಕ್ಕೆ ಕೆಂಪು. ಎರಡರ ಮೇಲೂ ತಾರೀಖು ಮತ್ತು ಎಸ್. ಬಿ. ಎಂಬ ಸಹಿ. ಬೈಗುಳವನ್ನು ಮಾತ್ರ ಕಂಪನಿ ಒಪ್ಪಲಿಲ್ಲ. ಅವರ ಕೈಯೇ ಒಂದು ತಕ್ಕಡಿ ಎಂದು ಊರಿಗೆಲ್ಲ ಗೊತ್ತಿತ್ತು. ಅಂಗೈಯಲ್ಲಿ ಲಾಡು ಇಟ್ಟರೆ, "ನಲವತ್ನಾಲ್ಕು ಗ್ರಾಂ, ಅದರಾಗ ತುಪ್ಪ ಭಾಳ ಕಡಿಮಿ" ಎನ್ನುವರು. ಮನೆಯೊಡತಿಯರು ಅಡಿಗೆಮನೆಯ ತಕ್ಕಡಿ ತಂದು ನೋಡಿದರೆ ನಲವತ್ನಾಲ್ಕೇ ಇರುತ್ತಿತ್ತು. ತುಪ್ಪದ ವಿಷಯ ಯಾರೂ ಪರೀಕ್ಷಿಸುತ್ತಿರಲಿಲ್ಲ.

ಇಂಥವರಿಗೆ ಮರೆವು ಎಂದರೆ ಪರರ ರೋಗ. ಅದು ತಮಗೂ ಬರುತ್ತದೆಂದು ಗೊತ್ತಾದದ್ದು ಎಂಬತ್ತಾರನೆಯ ಇಸವಿಯ ಮೇ ತಿಂಗಳ ಒಂದು ಶನಿವಾರ, ಮರುಭೂಮಿಯ ನಡುವೆ.

ಹೊಸ ಎಲೆಕ್ಟ್ರಾನಿಕ್ ತಕ್ಕಡಿಗಳ ಟ್ರೇನಿಂಗಿಗೆಂದು ಕಂಪನಿ ಅವರನ್ನೂ ಅದೇ ಕಂಪನಿಯ ಕೆಮಿಸ್ಟ್ ರಘೋತ್ತಮನನ್ನೂ ಎರಡು ದಿನ ಪಾಮ್ ಸ್ಪ್ರಿಂಗ್ಸಿಗೆ ಕಳಿಸಿತ್ತು. ರಘೋತ್ತಮ ಮೈಸೂರಿನ ಅಗ್ರಹಾರದವನು, ಈಗ ಡ್ಯಾನ್‌ವಿಲ್ಲಿನಲ್ಲಿ ಮನೆ ಮಾಡಿದ್ದಾನೆ. ವಯಸ್ಸಿನಲ್ಲಿ ಹತ್ತು ವರ್ಷ ಕಿರಿಯ, ಮಾತಿನಲ್ಲಿ ಹತ್ತು ಪಾಲು ಹಿರಿಯ. ಉಪಚಾರದಲ್ಲಂತೂ ಅವನನ್ನು ಸೋಲಿಸಿದವರಿಲ್ಲ. ಲಿಫ್ಟಿನ ಮುಂದೆ, "ನೀವು ಮೊದಲು" ಎನ್ನುತ್ತ ನಿಂತು ಮೂರು ಸಲ ಲಿಫ್ಟನ್ನೇ ಕಳೆದುಕೊಂಡ ದಾಖಲೆ ಅವನ ಹೆಸರಿನಲ್ಲಿತ್ತು.

ಶುಕ್ರವಾರ ಸಂಜೆ ಟ್ರೇನಿಂಗು ಮುಗಿಯಿತು. ವಿಮಾನ ಇದ್ದದ್ದು ಭಾನುವಾರ. ಮೋಟೆಲಿನ ಎದುರುಗಡೆಯೇ ಮೋಟರ್‌ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ. ಸಂಗನಬಸಪ್ಪನವರು ಅದರ ಮುಂದೆ ಹಬ್ಬದ ದಿನ ಬಂಗಾರದಂಗಡಿ ಮುಂದೆ ನಿಂತವರಂತೆ ನಿಂತರು.

"ಆಚಾರ್ರ, ನಾಳೆ ಜೋಶುವಾ ಟ್ರೀ ಮರುಭೂಮಿ ನೋಡಿ ಬರೂಣೇನು?"

"ಜೋಶುವಾನಾ? ನಮ್ಮ ಜೋಶಿಯವರ ಪೈಕಿ ಇರಬೇಕು. ಆದ್ರೆ ಸಂಗಣ್ಣೋರೆ, ಕಾರ್ ಬಾಡಿಗೆ ತಗೊಳ್ಳೋಣ. ಏಸಿ ಇರತ್ತೆ."

"ಏಸಿ ಹಾಕ್ಕೊಂಡು ಮರುಭೂಮಿ ನೋಡೂದು ಅಂದ್ರ ಕೊಡಿ ಹಿಡಕೊಂಡು ಸ್ನಾನ ಮಾಡಿದಂಗ. ನನ್ನ ಕಡೆ ಲೈಸೆನ್ಸ್ ಐತ್ರಿ, ಮೋಟರ್‌ಸೈಕಲ್ಲಿಂದೂ. ಎಪ್ಪತ್ನಾಲ್ಕರಾಗ ತಗೊಂಡಿದ್ದು."

"ಅದ್ರಲ್ಲಿ ಎಷ್ಟು ಸಲ ಓಡಿಸಿದೀರಿ?"

"ಪರೀಕ್ಷಾ ದಿನ ಒಂದ್ ಸಲ. ಏನ್ ಆಗೂದಿಲ್ಲ ಬರ್ರಿ."

ಅಂಗಡಿಯ ಮುದುಕನಿಗೆ ಎದೆಯವರೆಗೆ ಬಿಳಿ ಗಡ್ಡ, ಕೈತುಂಬ ಹಚ್ಚೆ. ಅವನು ಜಪಾನಿನ ಆರುನೂರೈವತ್ತು ಸಿಸಿ ಗಾಡಿಯೊಂದನ್ನು ಹೊರಗೆಳೆದ. ಸಂಗನಬಸಪ್ಪನವರು ಅಂಗಳದಲ್ಲಿ ಒಂದು ಸುತ್ತು ಹೊಡೆದು ನಿಲ್ಲಿಸಲು ಹೋದರು. ಗದಗಿನ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಲ್ಲಿ ತಿರುಗಾಮುರುಗಾ. ನಿಲ್ಲಲೆಂದು ಎಡಗಾಲು ಒತ್ತಿದರೆ ಗೇರು ಕೆಳಗಿಳಿದು ಗಾಡಿ ಊಳಿಟ್ಟಿತು, ಟೈರುಗಳ ಗುಡ್ಡೆಗೆ ಮುತ್ತಿಟ್ಟು ನಿಂತಿತು. ಬೈಕು ಬಾಡಿಗೆಯದು, ಬಾಯಿಂದ ಬಂದ ಬೈಗುಳ ಸ್ವಂತದ್ದು. ಮುದುಕನಿಗೆ ಕನ್ನಡ ತಿಳಿಯದಿದ್ದರೂ ಭಾವ ತಿಳಿದು ತಲೆದೂಗಿದ. ಎಂಟು ಸುತ್ತಿನ ನಂತರ ಕಾಲಿಗೆ ಬುದ್ಧಿ ಬಂತು. "ಆತ್ ಬಿಡ್ರಿ. ನನ್ನ ಕಾಲಿಗೆ ಹಸಿರು ಸ್ಟಿಕ್ಕರ್ ಹಚ್ಚಬಹುದು" ಎಂದರು.

ಮರುದಿನ ಬೆಳಿಗ್ಗೆ ಆರೂವರೆಗೆ ರಘೋತ್ತಮ ಅವರ ರೂಮಿನ ಬಾಗಿಲು ಬಡಿದ. ಕೈಯಲ್ಲಿ ಅಂಗಡಿಯವನು ಕೊಟ್ಟ ಚರ್ಮದ ಜಾಕೆಟ್ಟುಗಳು. ಸಂಗನಬಸಪ್ಪನವರ ಪೂಜೆ ಆಗಷ್ಟೇ ಮುಗಿದಿತ್ತು. ಹಣೆಯ ವಿಭೂತಿ ಇನ್ನೂ ಹಸಿ. "ಬೇಗ ಬೇಗ, ಬಿಸಿಲೇರಿದ್ರೆ ಕಷ್ಟ, ಇದು ಹಾಕ್ಕೊಳ್ಳಿ, ಬಿದ್ರೆ ಚರ್ಮ ಉಳೀಬೇಕಲ್ಲ" ಎನ್ನುತ್ತ ರಘೋತ್ತಮನೇ ಜಾಕೆಟ್ಟು ತೊಡಿಸಿ ಜಿಪ್ಪು ಎಳೆದ. ಅದು ಕೊರಳ ಹತ್ತಿರ ಸಿಕ್ಕಿಕೊಂಡಿತು. ಬಿಡಿಸಿದರು. ಜಾಕೆಟ್ಟು ಬಿಗಿಯೆಂದು ಇನ್ನೊಂದು ತೊಟ್ಟರು. ಅಷ್ಟರಲ್ಲಿ ಎದುರಿನ ಅಂಗಡಿಯಿಂದ ಮುದುಕ ಹಾರ್ನ್ ಹೊಡೆದ. ಈ ಎಲ್ಲ ಹೊತ್ತೂ ರಘೋತ್ತಮ, ತನ್ನ ಚಿಕ್ಕಪ್ಪ ಲ್ಯಾಂಬ್ರೆಟಾದಿಂದ ಬಿದ್ದ ಕಥೆಯನ್ನು ಆಸ್ಪತ್ರೆಯ ಭಾಗದವರೆಗೂ ಹೇಳುತ್ತಿದ್ದ.

ಸಂಗನಬಸಪ್ಪನವರು ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜಾಕೆಟ್ಟಿನ ಒಳಜೇಬಿಗೆ ಇಳಿಬಿಟ್ಟರು. ಮೂರು ಕಡೆ ಮುಟ್ಟಿದರು. ಎದೆಯ ಮೇಲೆ ಗಟ್ಟಿ, ಗುಂಡಗೆ: ಸರಿ. ಪಾಕೀಟು: ಸರಿ. ಗಾಡಿಯ ಕೀಲಿ ಕೈಯಲ್ಲೇ ಇತ್ತು: ಸರಿ. ಮೂರಕ್ಕೆ ಮೂರು.

ಊರು ದಾಟಿ, ಗಾಳಿಯಂತ್ರಗಳ ಸಾಲು ದಾಟಿ, ದಾರಿ ಗುಡ್ಡ ಏರಿತು. ಏಳು ಗಂಟೆಯ ಗಾಳಿ ತಣ್ಣಗಿತ್ತು. ಎಷ್ಟೋ ವರ್ಷದ ಮೇಲೆ ತೊಡೆಗಳ ನಡುವೆ ಎಂಜಿನು ಮಿಡಿಯುತ್ತಿತ್ತು. ಸಂಗನಬಸಪ್ಪನವರಿಗೆ ಮುಂದಿನ ತಿರುವಿನಲ್ಲಿ ನರಗುಂದದ ಸಂತೆ ಕಂಡರೂ ಆಶ್ಚರ್ಯವಾಗುತ್ತಿರಲಿಲ್ಲ. ಹಿಂದೆ ಕೂತ ರಘೋತ್ತಮ ಮೊದಲ ಹತ್ತು ಮೈಲಿ ಕಣ್ಣು ಮುಚ್ಚಿದ್ದ, ಮುಂದಿನ ಹತ್ತು ಮೈಲಿ ಒಂದೇ ಕಣ್ಣು ಬಿಟ್ಟಿದ್ದ.

ಜೋಶುವಾ ಮರಗಳು ಶುರುವಾದ ಕಡೆ ನಿಂತರು. ಕೈಕಾಲು ಎಲ್ಲೆಂದರಲ್ಲಿ ಚಾಚಿ, ತುದಿಗೆ ಮುಳ್ಳಿನ ಮುಷ್ಟಿ ಬಿಗಿದು ನಿಂತ ಮರಗಳು.

"ಟ್ರಾಫಿಕ್ ಪೊಲೀಸರ ಮಹಾಸಮ್ಮೇಳನ. ಒಬ್ಬರು ಹೋಗು ಅಂತಿದಾರೆ, ಒಬ್ಬರು ನಿಲ್ಲು ಅಂತಿದಾರೆ" ಎಂದ ರಘೋತ್ತಮ.

ಬಂಡೆಗಳ ನಡುವಿನ ಬಯಲೊಂದರಲ್ಲಿ ಅವಲಕ್ಕಿ ತಿಂದು ನೀರು ಕುಡಿದರು. ತುದಿಗುಡ್ಡಕ್ಕೆ ಹೋಗಿ, ಕೆಳಗೆ ತಾವು ಬಿಟ್ಟುಬಂದ ಊರು ಅಂಗೈಯಗಲ ಕಾಣುವುದನ್ನು ನೋಡಿದರು. ತಲೆಬುರುಡೆಯಂತಿರುವ ದೊಡ್ಡ ಬಂಡೆಯ ಮುಂದೆ ರಘೋತ್ತಮ ಫೋಟೋ ತೆಗೆಸಿಕೊಂಡ. "ಇಬ್ಬರೊಳಗ ಯಾರು ಬಂಡಿಗಲ್ಲು ಅಂತ ಹಿಂದ ಬರದಿಡ್ರಿ, ನಿಮ್ಮ ಮನಿಯವರಿಗೆ ಗೊತ್ತಾಗಬೇಕಲ್ಲ" ಎಂದರು ಸಂಗನಬಸಪ್ಪನವರು. ಅಲ್ಲೂ ನೀರು ಕುಡಿದರು. ಎರಡು ದೊಡ್ಡ ಬಾಟಲಿಗಳಲ್ಲಿ ಒಂದು ಮುಗಿದು, ಅದನ್ನು ದಾರಿಯ ನಲ್ಲಿಯಲ್ಲಿ ತುಂಬಿಸಿಕೊಂಡರು. ಪ್ರತಿ ಸಲ ಗಾಡಿ ಹತ್ತುವಾಗಲೂ ಕೊರಳು, ಪಾಕೀಟು, ಕೀಲಿ. ಪ್ರತಿ ಸಲವೂ ಮೂರಕ್ಕೆ ಮೂರು.

ಅಲ್ಲಿಂದ ರಸ್ತೆ ಕೆಳಗಿಳಿಯಿತು. ಜೋಶುವಾ ಮರಗಳು ಹಿಂದೆ ಉಳಿದವು. ಬಿಸಿ ಎದುರಿಗೆ ಬಂತು. ಹನ್ನೊಂದೂವರೆಗೆ ಚೋಯಾ ಎಂಬ ಕಳ್ಳಿಗಳ ತೋಟದ ಮುಂದೆ ಗಾಡಿ ನಿಲ್ಲಿಸಿದಾಗ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ದೂರದಿಂದ ಕರಡಿಮರಿಗಳಂತೆ ಮುದ್ದಾಗಿ ಕಾಣುವ ಗಿಡಗಳು. ಹತ್ತಿರ ಹೋದರೆ ಮೈಯೆಲ್ಲ ಸೂಜಿ. ತಾಗುವುದೇ ಬೇಡ, ಪಕ್ಕದಲ್ಲಿ ಹಾದರೆ ಸಾಕು, ಮುಳ್ಳಿನ ಉಂಡೆಯೊಂದು ಕಳಚಿಕೊಂಡು ಪ್ಯಾಂಟಿಗೆ ಅಂಟುತ್ತದೆ. ಕಾಲುದಾರಿಯಲ್ಲಿ ಒಂದು ಸುತ್ತು ಬಂದು ಸಂಗನಬಸಪ್ಪನವರು ಜಾಕೆಟ್ಟಿನ ಜಿಪ್ಪು ಇಳಿಸಿದರು. ಬೆವರು ಒರೆಸಲು ಕೈ ಕೊರಳಿಗೆ ಹೋಯಿತು.

ಕೊರಳು ಬರಿದಾಗಿತ್ತು.

ಕೈ ಅಂಗಿಯೊಳಗೆ ಇಳಿಯಿತು, ಎದೆಯ ಮೇಲೆ ಅತ್ತ ಹೋಯಿತು, ಇತ್ತ ಬಂತು. ದಾರವೂ ಇಲ್ಲ. ರಘೋತ್ತಮ ಏನೋ ಹೇಳುತ್ತಿದ್ದವನು, ಅವರ ಮುಖ ನೋಡಿ ತಾನಾಗಿ ನಿಲ್ಲಿಸಿದ. ಅದು ಅವನ ಬದುಕಿನಲ್ಲಿ ಅಪರೂಪ.

"ಏನಾಯ್ತು? ಎದೆ ನೋವಾ?"

"ಲಿಂಗ ಇಲ್ರಿ."

ರಘೋತ್ತಮ ಮಾಧ್ವನಾದರೂ, ವರ್ಷಗಟ್ಟಲೆ ಪಕ್ಕದ ಮೇಜಿನಲ್ಲಿ ಕೂತು ಊಟ ಮಾಡಿದವನು. ಅದರ ಅರ್ಥ ಏನೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಇಬ್ಬರೂ ಬಂದ ದಾರಿಯಲ್ಲೇ ಬಗ್ಗಿ ಹುಡುಕುತ್ತ ಹೊರಟರು. ಬೂದುಬಣ್ಣದ ನೆಲ, ಬೂದುಬಣ್ಣದ ಕಲ್ಲು. ಬೆಳ್ಳಿಯೂ ಅಲ್ಲಿ ಬೂದಿಯಾಗಿಯೇ ಕಾಣುತ್ತಿತ್ತು. ಹೊಳೆದದ್ದೆಲ್ಲ ಸೋಡಾ ಡಬ್ಬಿಯ ಕಿವಿ. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿನಲ್ಲಿ ರಘೋತ್ತಮನ ಮೀನಖಂಡಕ್ಕೆ ಮುಳ್ಳಿನ ಉಂಡೆ ಕಚ್ಚಿಕೊಂಡಿತು. ಸಂಗನಬಸಪ್ಪನವರು ಬಾಚಣಿಗೆಯ ಹಲ್ಲು ತೂರಿಸಿ ಅದನ್ನು ಕಿತ್ತೆಸೆದರು. ಅವನು ಅಯ್ಯಯ್ಯೋ ಎಂದ. ಇವರು ಬೈಯದಿದ್ದದ್ದು ನೋಡಿ ಅವನಿಗೆ ನಿಜವಾದ ಭಯ ಹುಟ್ಟಿತು.

ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ರಘೋತ್ತಮ ಬಾಟಲಿ ತೆಗೆದು ಚಾಚಿದ.

"ಒಂದು ಗುಟುಕು ಕುಡೀರಿ. ಮುಖ ಕೆಂಪಾಗಿದೆ."

"ಬ್ಯಾಡ್ರಿ."

"ಸಂಗಣ್ಣೋರೆ, ನೂರು ಡಿಗ್ರಿ ಮೇಲಿದೆ. ಆಗ್ಲೇ ಎರಡು ಸಲ ಕುಡಿದಿದೀರಿ. ಆಗ್ಲೂ ಇರ್ಲಿಲ್ವೋ ಏನೋ. ಇನ್ನೊಂದು ಸಲ ಕುಡಿದ್ರೆ ಏನು ವ್ಯತ್ಯಾಸ?"

"ಗೊತ್ತಿಲ್ದ ಕುಡದದ್ದು ತಪ್ಪು. ಗೊತ್ತಿದ್ದು ಕುಡದ್ರ ಲಿಂಗ ಬಿಟ್ಟಾಂವ ನಾನ. ನೀವು ಕುಡೀರಿ."

"ನೀವು ಕುಡೀದೆ ನಾನು ಹ್ಯಾಗೆ ಕುಡೀಲಿ?"

"ಬಾಯಿಲೆ ಕುಡೀರಿ! ನಿಮಗೇನು ಅಡ್ಡಿ? ನೀವೇನು ಲಿಂಗ ಕಟ್ಟೀರೇನು?"

"ಅದು ಸರಿ. ಆದ್ರೂ ಎದುರಿಗೆ ಕೂತವರು ಬಾಯಾರಿಕೊಂಡಿರೋವಾಗ ನಾನೊಬ್ಬ ಗಟಗಟ ಕುಡಿಯೋದು..." ರಘೋತ್ತಮ ಬಾಟಲಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದ. ಆಮೇಲೆ, "ಜಾಕೆಟ್ಟು ತೊಡಿಸಿದ್ದು ನಾನು. ಜಿಪ್ಪು ಎಳೆದದ್ದೂ ನಾನೇ" ಎಂದ.

ಹೀಗೆ ಎರಡು ತುಂಬಿದ ಬಾಟಲಿಗಳ ಎರಡು ಪಕ್ಕ, ಒಬ್ಬರು ಆಚಾರಕ್ಕೆ, ಒಬ್ಬರು ಉಪಚಾರಕ್ಕೆ ಬಾಯಾರಿ ಕೂತರು. ಮರುಭೂಮಿಯಲ್ಲಿ ನೀರಿಲ್ಲದೆ ಬಳಲಿದವರು ಬಹಳ ಮಂದಿ ಇರಬಹುದು. ನೀರಿದ್ದು ಬಳಲಿದವರು ಇವರಿಬ್ಬರೇ ಇರಬೇಕು.

ಜಿಪ್ಪು ಎಂಬ ಮಾತು ಸಂಗನಬಸಪ್ಪನವರ ಕಿವಿಯಲ್ಲಿ ಉಳಿಯಿತು. ಎದ್ದು ಜಾಕೆಟ್ಟು ಕಳಚಿ, ಒಳಗು ಹೊರಗು ಮಾಡಿ ಕೊಡವಿದರು. ಒಳಜೇಬಿನಿಂದ ಏನೋ ದಪ್ಪನೆ ನೆಲಕ್ಕೆ ಬಿತ್ತು. ಇಬ್ಬರೂ ಎಗರಿದರು.

ಅದು ಮೋಟೆಲಿನ ಕೀಲಿ. ಗಿರಾಕಿಗಳು ಮರೆತು ಮನೆಗೆ ಒಯ್ಯದಿರಲೆಂದು ಮೋಟೆಲಿನವರು ಅದಕ್ಕೆ ನಿಂಬೆಹಣ್ಣಿನಂಥ ಹಿತ್ತಾಳೆಯ ಗುಂಡು ಕಟ್ಟಿದ್ದರು. ಸಂಗನಬಸಪ್ಪನವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಜಾಕೆಟ್ಟು ತೊಟ್ಟು, ಕೀಲಿಯನ್ನು ಒಳಜೇಬಿಗೆ ಬಿಟ್ಟು, ಜಿಪ್ಪು ಎಳೆದು, ಮೇಲಿನಿಂದ ಮುಟ್ಟಿದರು. ಗಟ್ಟಿ, ಗುಂಡಗೆ.

"ಆಚಾರ್ರ, ಮುಂಜಾನಿಂದ ನಾ ಮುಟ್ಟಿದ್ದು ಇದನ್ನ."

"ಅಂದ್ರೆ?"

"ಅಂದ್ರ ಲಿಂಗ ದಾರ್ಯಾಗ ಬಿದ್ದಿಲ್ಲ. ಇಲ್ಲಿಗೆ ಬಂದೇ ಇಲ್ಲ. ದಾರ ಜಿಪ್ಪಿನ್ಯಾಗ ಸಿಕ್ಕಿತ್ತಲ್ಲ, ಬಿಡಸಾಕಂತ ತಲಿ ಮ್ಯಾಲಿಂದ ತಗದು ಕಿಡಕಿ ಕಡೆ ಟೇಬಲ್ ಮ್ಯಾಲ, ಮಡಚಿದ ಬಿಳಿ ಟವೆಲ್ ಮ್ಯಾಲ ಇಟ್ಟೆ. ಒಂದ್ ನಿಮಿಷ ಅಂತ. ಆಗ ನೀವು ಇನ್ನೊಂದು ಜಾಕೆಟ್ ಕೊಟ್ರಿ." ಅವರು ಗುಂಡನ್ನು ಮತ್ತೆ ಹೊರತೆಗೆದು ಅಂಗೈಯಲ್ಲಿ ಎತ್ತಿ ಇಳಿಸಿದರು. "ಇದು ನೂರಾ ಹತ್ತು ಗ್ರಾಂ. ಕರಡಿಗಿ ಅರವತ್ತೆಂಟು. ನಲವತ್ತೆರಡು ಗ್ರಾಂ ಫರಕು ನನ್ನ ಕೈಗೆ ತಿಳೀಲಿಲ್ಲ. ಇಂಥ ತಕ್ಕಡಿಗೆ ನಾ ಕೆಂಪು ಸ್ಟಿಕ್ಕರ್ ಹಚ್ಚತೇನಿ."

"ತಪ್ಪಿದ್ದು ತಕ್ಕಡಿ ಅಲ್ಲ ಬಿಡಿ. ಮೇಲಿಂದ ಮುಟ್ಟಿದ್ರಿ, ತೂಗಿರ್ಲಿಲ್ಲ" ಎಂದ ರಘೋತ್ತಮ. ಆ ದಿನ ಅವನಾಡಿದ ಮಾತುಗಳಲ್ಲಿ ಬೇಕಾದದ್ದು ಅದೊಂದೇ. ಸಂಗನಬಸಪ್ಪನವರ ಬೆನ್ನು ನೆಟ್ಟಗಾಯಿತು.

"ಬರ್ರಿ, ಹತ್ರಿ. ಎಪ್ಪತ್ತೈದು ಮೈಲಿ. ಏನ್ ಆಗೂದಿಲ್ಲ."

ಆಗುವುದೇನೋ ಇತ್ತು, ಇಬ್ಬರಿಗೂ ಗೊತ್ತಿತ್ತು. ಮೋಟೆಲಿನಲ್ಲಿ ಹತ್ತು ಗಂಟೆಗೆ ರೂಮು ಗುಡಿಸುವವರು ಬರುತ್ತಾರೆ. ಬಳಸಿದ ಟವೆಲ್ಲುಗಳನ್ನೆಲ್ಲ ಒಟ್ಟುಮಾಡಿ ಗಾಡಿಗೆ ತುಂಬುತ್ತಾರೆ.

ತಿರುವುಗಳೇ ಇಲ್ಲದ ರಸ್ತೆ. ಬಿಸಿಗಾಳಿ ತುಟಿಯನ್ನು ಹಪ್ಪಳದಂತೆ ಒಣಗಿಸುತ್ತಿತ್ತು. ರಘೋತ್ತಮನ ಬೆನ್ನಚೀಲದಲ್ಲಿ ಎರಡು ಬಾಟಲಿಗಳು ಬೇಕೆಂದೇ ಕುಲುಕಿ ಸದ್ದು ಮಾಡುತ್ತಿದ್ದವು. ಅರ್ಧ ಗಂಟೆಯ ಮೇಲೆ ಫ್ರೀವೇ ಸಿಕ್ಕಿತು, ಪಕ್ಕದಲ್ಲಿ ಒಂದು ಗ್ಯಾಸ್ ಸ್ಟೇಷನ್ನು. ಮೋಟೆಲಿಗೆ ಫೋನು ಮಾಡಲು ನಿಲ್ಲಿಸಿದರು. ಫೋನೆತ್ತಿದ ಹೆಣ್ಣುಮಗಳು ವಿಚಾರಿಸಿ ಹೇಳಿದಳು: ರೂಮು ಕ್ಲೀನಾಗಿದೆ ಸರ್, ಮೇಜಿನ ಮೇಲೆ ಏನೂ ಇಲ್ಲ, ಟವೆಲ್ಲುಗಳೆಲ್ಲ ಲಾಂಡ್ರಿಗೆ ಹೋಗಿವೆ. ರೂಮು ಗುಡಿಸಿದವಳು ಈಗ ಊಟಕ್ಕೆ ಹೋಗಿದ್ದಾಳೆ. ಅವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೆ.

ಸಂಗನಬಸಪ್ಪನವರು ರಿಸೀವರನ್ನು ಕೊಕ್ಕೆಗೆ ಹಾಕಿ ಗಾಡಿಯ ಕೀಲಿ ಕೈಗೆ ತೆಗೆದುಕೊಂಡರು.

ಗಲ್ಲಾದಲ್ಲಿದ್ದ ದಪ್ಪ ಅಜ್ಜಿ ಇಬ್ಬರ ತುಟಿಯನ್ನೂ ನೋಡಿ ಗಾಬರಿಯಾದಳು. "ನಿಮಗೆ ನೀರು ಬೇಕು, ಮಕ್ಕಳಾ."

"ಇದೆ" ಎಂದು ರಘೋತ್ತಮ ಚೀಲ ತೆರೆದು ತೋರಿಸಿದ.

ಅವಳು ಬಾಟಲಿ ನೋಡಿದಳು, ಅವನನ್ನು ನೋಡಿದಳು. "ಮತ್ತೆ ಕುಡಿಯಿರಿ."

"ಆಮೇಲೆ. ಇವರು ಮೊದಲು."

"ಇವರೇಕೆ ಕುಡಿಯುತ್ತಿಲ್ಲ?"

"ಅದು ದೊಡ್ಡ ಕಥೆ."

"ನಾನು ಈ ಮರುಭೂಮಿಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಹುಚ್ಚರನ್ನು ನೋಡಿದ್ದೇನೆ, ಇಷ್ಟು ಮರ್ಯಾದಸ್ಥರನ್ನು ನೋಡಿಲ್ಲ" ಎಂದು ಅವಳು ಒಂದು ಹಿಡಿ ಐಸನ್ನು ಬಟ್ಟೆಯಲ್ಲಿ ಸುತ್ತಿ ಒಬ್ಬೊಬ್ಬರ ಕುತ್ತಿಗೆಗೂ ಇಟ್ಟಳು. ಅದಕ್ಕೆ ಇಬ್ಬರ ಶಾಸ್ತ್ರದಲ್ಲೂ ಅಡ್ಡಿಯಿರಲಿಲ್ಲ.

ಉ‍ಳಿದ ದಾರಿಯನ್ನು ಸಂಗನಬಸಪ್ಪನವರು ಓಡಿಸಿದ ರೀತಿಯನ್ನು ರಘೋತ್ತಮ ಇವತ್ತಿಗೂ ವರ್ಣಿಸುತ್ತಾನೆ. ಅಡ್ಡಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದರೂ ಗೆರೆ ಎಳೆದಂತೆ ನೇರ. ಫ್ರೀವೇ ಬಿಟ್ಟು ಊರೊಳಗೆ ತಿರುಗುವಾಗ ಒಂದೇ ಒಂದು ಸಲ ಕಾಲು ಗದಗಿಗೆ ಹೋಯಿತು: ಬ್ರೇಕೆಂದು ಎಡಗಡೆ ಒತ್ತಿದರು, ಗಾಡಿ ಊಳಿಟ್ಟಿತು, ರಘೋತ್ತಮನ ಗಲ್ಲ ಅವರ ಬೆನ್ನಿಗೆ ಬಡಿಯಿತು.

"ಬದುಕೀರೇನು?"

"ಬಾಯಾರಿ ಸಾಯ್ತೀನಿ ಅಂದ್ಕೊಂಡಿದ್ದೆ. ಹೀಗೂ ಒಂದು ದಾರಿ ಇದೆ ಅಂತ ಗೊತ್ತಿರ್ಲಿಲ್ಲ."

ಎರಡೂವರೆಗೆ ರೂಮಿನ ಬಾಗಿಲು ತೆರೆದರು. ಹಾಸಿಗೆ ಗೆರೆ ಹೊಡೆದಂತೆ ಹಾಸಿತ್ತು. ಕಿಟಕಿಯ ಪಕ್ಕದ ಮೇಜು ಕನ್ನಡಿಯಂತೆ ಹೊಳೆಯುತ್ತಿತ್ತು. ಟವೆಲ್ಲಿಲ್ಲ, ಕರಡಿಗೆಯಿಲ್ಲ, ವಿಭೂತಿ ಗಟ್ಟಿಯೂ ಇಲ್ಲ. ಬಚ್ಚಲಿನಲ್ಲಿ ಹೊಸ ಟವೆಲ್ಲುಗಳು ಮೂರು ಮಡಿಕೆಯಲ್ಲಿ ತೂಗಾಡುತ್ತಿದ್ದವು. ಸಂಗನಬಸಪ್ಪನವರು ಮಂಚದ ಕೆಳಗೆ ಬಗ್ಗಿದರು, ಪರದೆ ಸರಿಸಿದರು, ಕಸದ ಬುಟ್ಟಿಯನ್ನು ಬೋರಲು ಮಾಡಿದರು. ಬುಟ್ಟಿಯಲ್ಲಿ ಹೊಸ ಪ್ಲಾಸ್ಟಿಕ್ ಚೀಲ ಬಿಟ್ಟರೆ ಏನೂ ಇರಲಿಲ್ಲ. ಅವರು ನೆಲದ ಮೇಲೇ ಕೂತುಬಿಟ್ಟರು.

"ಲಾಂಡ್ರಿಗೆ ಫೋನ್ ಮಾಡೋಣ. ಮೆಷಿನ್ನು ನಿಲ್ಲಿಸೋಕೆ ಹೇಳೋಣ" ಎಂದ ರಘೋತ್ತಮ. ನಂಬರಿಗೆ ಟೆಲಿಫೋನ್ ಡೈರೆಕ್ಟರಿ ಬೇಕು. ಮಂಚದ ಪಕ್ಕದ ಡ್ರಾಯರು ಎಳೆದ.

ಎಳೆದವನು ಹಾಗೇ ನಿಂತ.

"ಸಂಗಣ್ಣೋರೆ, ನಾನು ಮುಟ್ಟೋಲ್ಲ. ನೀವೇ ಬನ್ನಿ."

ಅಮೆರಿಕದ ಮೋಟೆಲುಗಳ ಡ್ರಾಯರಿನಲ್ಲಿ ಏನಿಲ್ಲದಿದ್ದರೂ ಒಂದು ಬೈಬಲ್ ಇರುತ್ತದೆ. ಇಲ್ಲೂ ಇತ್ತು. ಅದರ ಮೇಲೆ ಒಂದು ಬಿಳಿ ಕಾಗದದ ಕರವಸ್ತ್ರ, ಕರವಸ್ತ್ರದ ನಟ್ಟನಡುವೆ ಶಿವದಾರವನ್ನು ಸುತ್ತು ಸುತ್ತಾಗಿ ಸುತ್ತಿಟ್ಟ ಕರಡಿಗೆ. ವಿಭೂತಿ ಗಟ್ಟಿಯನ್ನು ಮುರಿಯದಂತೆ ಇನ್ನೊಂದು ಕಾಗದದಲ್ಲಿ ಪೊಟ್ಟಣ ಕಟ್ಟಿ ಪಕ್ಕದಲ್ಲಿಟ್ಟಿತ್ತು. ಗುಡಿಸುವವಳಿಗೆ ಅದು ಏನೆಂದು ಗೊತ್ತಿರಲಾರದು. ಏನೇ ಆಗಲಿ ಅದು ಎಲ್ಲಿರಬೇಕಾದ ಜಾತಿಯದು ಎಂಬುದು ಮಾತ್ರ ಗೊತ್ತಾಗಿತ್ತು.

ಸಂಗನಬಸಪ್ಪನವರು ಕರಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಬಚ್ಚಲಿಗೆ ಹೋದರು. ನೀರು ಬಿದ್ದ ಸದ್ದಾಯಿತು. ಹೊರಬಂದು, ಎಡದ ಅಂಗೈಯ ಮೇಲೆ ಲಿಂಗವಿಟ್ಟು ಬೆಳಗಿನ ಪೂಜೆಯನ್ನು ಮೊದಲಿಂದ ಮಾಡಿದರು. ಅವಸರ ಪಡಲಿಲ್ಲ. ರಘೋತ್ತಮ ಗೋಡೆಗೆ ಒರಗಿ, ನಾಲಿಗೆಯಿಂದ ತುಟಿ ಸವರುತ್ತ, ಅಷ್ಟು ಹೊತ್ತೂ ಕಾದು ಕೂತಿದ್ದ. ಸಂಗನಬಸಪ್ಪನವರು ಶಿವದಾರ ಕೊರಳಿಗೆ ಹಾಕಿಕೊಂಡು, ಅಂಗಿಯ ಒಳಗೆ ಕೈ ಇಳಿಸಿ ಮುಟ್ಟಿ ನೋಡಿ, ಬಾಟಲಿ ಎತ್ತಿ ಅವನ ಕಡೆ ಚಾಚಿದರು.

"ಕುಡೀರಿ."

"ಛೆ ಛೆ, ನೀವು ಮೊದಲು."

"ಆಚಾರ್ರ, ಇನ್ನೊಮ್ಮೆ ನೀವು ಮೊದಲು ಅಂದ್ರ ಇದನ್ನ ತಲಿ ಮ್ಯಾಲ ಸುರೀತೇನಿ."

ಇಬ್ಬರೂ ಒಟ್ಟಿಗೆ ಕುಡಿದರು. ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ಇದ್ದದ್ದರಿಂದ ನೀವು ಮೊದಲು ಎನ್ನುವ ಅಗತ್ಯವೇ ಇರಲಿಲ್ಲ ಎಂಬುದು ರಘೋತ್ತಮನಿಗೆ ಆಗ ಹೊಳೆಯಿತು.

ಸಂಜೆ ಮೊಗಸಾಲೆಯಲ್ಲಿ ರೂಮು ಗುಡಿಸುವ ಹೆಣ್ಣುಮಗಳು ತಳ್ಳುಗಾಡಿ ನೂಕಿಕೊಂಡು ಬರುವಾಗ ಸಂಗನಬಸಪ್ಪನವರು ಅಡ್ಡ ನಿಂತರು. ಐವತ್ತರ ಆಸುಪಾಸಿನ ಮೆಕ್ಸಿಕೋದ ಹೆಂಗಸು, ಕೊರಳಲ್ಲಿ ಕಪ್ಪು ದಾರಕ್ಕೆ ಸಣ್ಣ ಶಿಲುಬೆ. ಇವರು ಅಂಗಿಯ ಗುಂಡಿ ಬಿಚ್ಚಿ ಕರಡಿಗೆ ತೋರಿಸಿದರು. ಅವಳು ಅದನ್ನು ನೋಡಿ, ತನ್ನ ಶಿಲುಬೆಯನ್ನು ಬೆರಳಲ್ಲಿ ಎತ್ತಿ ತೋರಿಸಿ ನಕ್ಕಳು.

"ಭಾಳ ಉಪಕಾರ ಆತು ನಮ್ಮವ್ವಾ" ಎಂದರು ಇವರು, ಗದಗಿನ ಕನ್ನಡದಲ್ಲಿ. ಅವಳು ಸ್ಪ್ಯಾನಿಷಿನಲ್ಲಿ ಉದ್ದದ್ದೇನೋ ಹೇಳಿದಳು. ಇಬ್ಬರೂ ತಲೆಯಾಡಿಸಿದರು. ಜೊತೆಗಿದ್ದ ರಘೋತ್ತಮನಿಗೆ ಮೂರು ಭಾಷೆ ಬರುತ್ತಿದ್ದರೂ ನಡುವೆ ಸೇರಿಸಲು ಏನೂ ಸಿಗಲಿಲ್ಲ.

ರೂಮಿಗೆ ಬಂದು ಅಂಬವ್ವನಿಗೆ ಫೋನು ಮಾಡಿದರು. ಎಲ್ಲ ಕೇಳಿದ ಮೇಲೆ ಡಾಕ್ಟರಮ್ಮ, "ಉಚ್ಚಿ ಸರಿ ಆತೇನು? ಎಷ್ಟ್ ಸಲ?" ಎಂದು ವಿಚಾರಿಸಿದರು. ಆಮೇಲೆ, "ನಾ ಇದ್ದಿದ್ರ ಮುಂಜಾನೇನ ಕೊಳ್ಳಾಗ ಕೈ ಹಾಕಿ ನೋಡತಿದ್ದೆ" ಎಂದರು.

ಭಾನುವಾರ ಬೆಳಿಗ್ಗೆ ರೂಮು ಬಿಡುವ ಮುಂಚೆ ಸಂಗನಬಸಪ್ಪನವರು ಪೆಟ್ಟಿಗೆಯಿಂದ ತಮ್ಮ ಸ್ಟಿಕ್ಕರಿನ ಸುರುಳಿ ತೆಗೆದರು. ಹಸಿರು ಸ್ಟಿಕ್ಕರೊಂದನ್ನು ಕಿತ್ತು, ತಾರೀಖು ಬರೆದು, ಎಸ್. ಬಿ. ಎಂದು ಸಹಿ ಮಾಡಿ, ಡ್ರಾಯರಿನ ಒಳಗೋಡೆಗೆ, ಬೈಬಲ್ಲಿನ ಪಕ್ಕದಲ್ಲಿ, ಮೂಲೆ ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು.

"ಏನನ್ನ ಪರೀಕ್ಷೆ ಮಾಡಿದ್ರಿ?" ಎಂದ ರಘೋತ್ತಮ.

"ಇಲ್ಲಿ ತೂಕ ಸರಿ ಐತಿ" ಎಂದರು. ಬಾಗಿಲ ಬಳಿ ನಿಂತು ಅಂಗಿಯೊಳಗೆ ಕೈಹಾಕಿ ಕೊರಳು ಮುಟ್ಟಿಕೊಂಡರು. ಆಮೇಲೆ ಪಾಕೀಟು. ಆಮೇಲೆ ಹಿತ್ತಾಳೆ ಗುಂಡಿನ ಕೀಲಿಯನ್ನು ಬೆರಳ ತುದಿಯಲ್ಲಿ ಆದಷ್ಟು ದೂರ ಹಿಡಿದುಕೊಂಡು ಆಫೀಸಿಗೆ ವಾಪಸು ಕೊಡಲು ನಡೆದರು.